ಗರಿಗೆರೆಯ ಮೇಲೆ ಮುಚ್ಚಳ

ಬಹಳ ಬಹಳ ಹಿಂದೆ, ಬಾಣಲೆಗಳಿಗೆ ಕಾಲೂ ಬಾಯಿಯೂ ಇದ್ದ ಕಾಲದಲ್ಲಿ, ಗರಿಗೆರೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಜನ ಬೆಳಿಗ್ಗೆ ಏನು ಬೇಕಾದರೂ ತಿನ್ನುತ್ತಿದ್ದರು, ಮಧ್ಯಾಹ್ನ ಏನು ಸಿಕ್ಕರೂ ತಿನ್ನುತ್ತಿದ್ದರು. ಆದರೆ ಸಂಜೆಯಾಯಿತೆಂದರೆ ರಾಜನಿಂದ ಹಿಡಿದು ದನ ಕಾಯುವವನವರೆಗೆ ಎಲ್ಲರಿಗೂ ಒಂದೇ ತಿಂಡಿ. ಆಲೂಗಡ್ಡೆಯನ್ನು ಉದ್ದುದ್ದ ಹೆಚ್ಚಿ, ಎಣ್ಣೆಯಲ್ಲಿ ಕರಿದು, ಮೇಲೆ ಉಪ್ಪು ಉದುರಿಸಿದ್ದು. ನಾವೀಗ ಫ್ರೆಂಚ್ ಫ್ರೈಸ್ ಅನ್ನುತ್ತೇವಲ್ಲ, ಅದೇ. ಅವರು ಅದನ್ನು ಗರಿಗಡ್ಡಿ ಎಂದು ಕರೆಯುತ್ತಿದ್ದರು. ಇಡೀ ರಾಜ್ಯ ಒಟ್ಟಿಗೆ ಕಚ್ಚಿದಾಗ ಕುರುಂ ಎಂದು ಏಳುವ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ಸು ಬರುತ್ತಿತ್ತು.

ಅರಮನೆಯ ಬಾಗಿಲಿನ ಎದುರಿಗೇ ಒಂದು ಗರಿಗಡ್ಡಿ ಅಂಗಡಿ. ಮಾಚ ಮತ್ತು ಸಂಪಿ ಎಂಬ ಅಣ್ಣ ತಂಗಿಯದು. ಅವರಿಗೆ ತಂದೆ ತಾಯಿ ಇರಲಿಲ್ಲ. ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ, ಇಬ್ಬರಿಗೂ ಸೇರಿ ಒಂದು ಬಾಣಲೆ. ಆ ಬಾಣಲೆಗೆ ಮೂರು ಕಾಲಿತ್ತು, ಹೊಟ್ಟೆಯ ಕೆಳಗೆ ಎಂದೂ ಆರದ ಕೆಂಡವಿತ್ತು, ಬಾಯಿಯೂ ಜೋರಾಗಿತ್ತು. ಎಲ್ಲರೂ ಅದನ್ನು ಬಾಣಲಜ್ಜಿ ಎನ್ನುತ್ತಿದ್ದರು.

ಮಾಚ ಬಿದಿರಿನ ಗಳದ ಹಾಗೆ ತೆಳ್ಳಗೆ, ಉದ್ದಕ್ಕೆ ಇದ್ದ. ಅವನು ಹೆಚ್ಚುತ್ತಿದ್ದದ್ದು ಒಂದೇ ರೀತಿ. ಬೆರಳಿನಷ್ಟು ದಪ್ಪ, ಬೆರಳಿನಷ್ಟು ಉದ್ದ, ನೆಟ್ಟಗೆ. ಸಂಪಿಗೆ ಹಾಗಲ್ಲ. ಕೈಗೆ ಆಲೂಗಡ್ಡೆ ಸಿಕ್ಕರೆ ಸಾಕು, ಇದನ್ನು ಇನ್ನು ಹೇಗೆ ಹೆಚ್ಚಬಹುದು ಅಂತ ಅವಳ ಬೆರಳು ತುರಿಸುತ್ತಿತ್ತು.

"ಏನೇ ಇದು, ಆಲೂಗಡ್ಡೆಯೋ, ಜಡೆಯೋ?" ಎಂದು ಮಾಚ ಒಂದು ದಿನ ಅವಳ ತಟ್ಟೆ ನೋಡಿ ಕೇಳಿದ.

"ಸುರುಳಿ ಕಣೋ ಅಣ್ಣ. ಚೆನ್ನಾಗಿದೆ ತಾನೇ?"

"ಜನ ಇಲ್ಲಿಗೆ ಬರೋದು ತಿನ್ನೋಕೆ. ಮುಡ್ಕೊಳ್ಳೋಕಲ್ಲ."

"ಇದನ್ನ ತಿನ್ನೋಕೂ ಆಗುತ್ತೆ, ಮುಡ್ಕೊಳ್ಳೋಕೂ ಆಗುತ್ತೆ. ನಿನ್ನ ಕಡ್ಡಿ ಕಿವಿ ಕೆರ್ಕೊಳ್ಳೋಕೆ ಮಾತ್ರ."

"ಎಣ್ಣೆ ಕಾದಿದೆ," ಎಂದಳು ಬಾಣಲಜ್ಜಿ. "ಜಗಳ ಆಮೇಲೆ ಆಡಿ, ಮೊದಲು ಏನಾದ್ರೂ ಹಾಕಿ."

ಊರಿನ ಪಕ್ಕದ ಬೆಟ್ಟದ ತುದಿಯಲ್ಲಿ ಮುಚ್ಚಳಯ್ಯ ಎಂಬ ಮಾಂತ್ರಿಕನಿದ್ದ. ಅವನಿಗೆ ನಿದ್ದೆಯೆಂದರೆ ಪ್ರಾಣ. ಪ್ರತಿ ಸಂಜೆ ಆ ಕುರುಂ ಸದ್ದಿಗೆ ಅವನ ನಿದ್ದೆ ಒಡೆದುಹೋಗುತ್ತಿತ್ತು. ಕಿವಿ ಮುಚ್ಚಿಕೊಂಡು ನೋಡಿದ, ಗುಹೆಯೊಳಗೆ ಮಲಗಿ ನೋಡಿದ, ಆಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವನು ಮೋಡದ ಬಣ್ಣದ ಒಂದು ದೊಡ್ಡ ಮುಚ್ಚಳವನ್ನು ಆಕಾಶಕ್ಕೆ ಎಸೆದು, "ಮುಚ್ಚು" ಎಂದ. ಮುಚ್ಚಳ ಬೆಳೆಯುತ್ತಾ ಬೆಳೆಯುತ್ತಾ ಬಂದು ಇಡೀ ಗರಿಗೆರೆಯ ಮೇಲೆ ಕವುಚಿಕೊಂಡಿತು.

ಬಿಸಿಯಾಗಿ ಕರಿದದ್ದರ ಮೇಲೆ ಮುಚ್ಚಳ ಹಾಕಿದರೆ ಏನಾಗುತ್ತದೆ? ಅದೇ ಆಯಿತು. ಒಲೆಗಳ ಹಬೆ, ಜನರ ಉಸಿರು, ದನಗಳ ಬೆವರು ಯಾವುದಕ್ಕೂ ಹೊರಗೆ ಹೋಗಲು ದಾರಿ ಸಿಗಲಿಲ್ಲ. ಎಲ್ಲವೂ ಮೆತ್ತಗಾಗತೊಡಗಿತು. ಬಾವುಟಗಳು ಕಂಬಕ್ಕೆ ಅಂಟಿಕೊಂಡವು. ಸೈನಿಕರ ಈಟಿಗಳು ನೆನೆಸಿದ ಶಾವಿಗೆಯ ಹಾಗೆ ಬಾಗಿದವು. ರಾಜ ಉದ್ದಂಡರಾಯರು ಸಿಂಹಾಸನದಿಂದ ಮೆಲ್ಲಗೆ ಜಾರಿ ಕೆಳಗೆ ಬಂದು, "ಯಾರಾದರೂ ಎತ್ತಿ" ಎಂದರು. ಎತ್ತಲು ಬಂದವರೂ ಅವರ ಪಕ್ಕದಲ್ಲೇ ಮಡಚಿಕೊಂಡು ಕೂತರು.

ತೆಳ್ಳಗಿದ್ದದ್ದು ಮೊದಲು ಮೆತ್ತಗಾಗುತ್ತದೆ. ಹಾಗಾಗಿ ಊರಿನಲ್ಲಿ ಎಲ್ಲರಿಗಿಂತ ಮೊದಲು ಬಿದ್ದವನು ಮಾಚ. ಅಂಗಡಿಯ ಕಟ್ಟೆಯ ಮೇಲೆ ಒದ್ದೆ ಟವಲಿನ ಹಾಗೆ ಜೋತುಬಿದ್ದು ಅವನು ಕೇಳಿದ, "ಸಂಪಿ, ನನ್ನ ಮೊಣಕಾಲು ಎಲ್ಲಿದೆ ನೋಡೇ."

ಸಂಪಿ ಬಾಣಲಜ್ಜಿಯ ಪಕ್ಕದಲ್ಲೇ ನಿಂತಿದ್ದಳು. ಆ ಕೆಂಡದ ಒಣ ಶಾಖಕ್ಕೆ ಅವಳೊಬ್ಬಳು ಗಟ್ಟಿಯಾಗಿ ಉಳಿದಿದ್ದಳು. ಅಣ್ಣನನ್ನು ಎಬ್ಬಿಸಲು ಎರಡು ಹೆಜ್ಜೆ ಆಚೆ ಇಟ್ಟಳು. ಅವಳ ಮೊಣಕಾಲೂ ಬಾಗಿತು. ತಟ್ಟನೆ ಹಿಂದಕ್ಕೆ ಬಂದಳು.

"ಅಜ್ಜಿ, ಏನು ಮಾಡ್ಲಿ?"

ಬಾಣಲಜ್ಜಿ ಯಾವತ್ತೂ ಇಲ್ಲದ ಹಾಗೆ ಮೆಲ್ಲಗೆ ಮಾತಾಡಿದಳು. "ಸೂರ್ಯ ಮುಳುಗೋ ಹೊತ್ತಿಗೆ ಈ ಹಬೆ ಮೂಳೆಗೆ ಇಳಿಯುತ್ತೆ ಮಗಾ. ಇಳಿದ ಮೇಲೆ ಮುಚ್ಚಳ ತೆಗೆದರೂ ನಿಮ್ಮಣ್ಣ ಎದ್ದು ನಿಲ್ಲಲ್ಲ. ಅಷ್ಟರೊಳಗೆ ಬೆಟ್ಟ ಹತ್ತಬೇಕು."

ಮುಚ್ಚಳದ ಆಚೆ ಸೂರ್ಯ ಉಜ್ಜದ ಹಿತ್ತಾಳೆ ಬಿಲ್ಲೆಯ ಹಾಗೆ ಕಾಣುತ್ತಿತ್ತು. ಸಂಪಿ ಒಂದು ಚೀಲ ಆಲೂಗಡ್ಡೆ, ಚಾಕು, ಜಾಲರಿ ಸೌಟು, ಉಪ್ಪಿನ ಡಬ್ಬಿ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗೆ ಹೊರಟೆ?" ಎಂದ ಮಾಚ, ಕಟ್ಟೆಯ ಮೇಲಿನಿಂದ.

"ಬೆಟ್ಟಕ್ಕೆ. ನಿನ್ನ ಮೊಣಕಾಲು ಹುಡುಕ್ಕೊಂಡು ಬರೋಕೆ."

ಬಾಣಲಜ್ಜಿ ಟಕ ಟಕ ಎಂದು ನಡೆದಳು, ಸಂಪಿ ಅವಳಿಗೆ ಅಂಟಿಕೊಂಡು ನಡೆದಳು.

ಬೆಟ್ಟದ ಬುಡದಲ್ಲಿ ಕಬ್ಬಿಣದ ಒಂದು ಬಾಗಿಲು. ಬಾಗಿಲಿಗೆ ಬೀಗವಿರಲಿಲ್ಲ, ಬದಲಿಗೆ ಮನೆಯಷ್ಟು ಎತ್ತರದ ಒಂದು ಕೊಕ್ಕರೆ ನಿಂತಿತ್ತು. ಅದರ ಕೊಕ್ಕನ್ನು ಮುಚ್ಚಳಯ್ಯ ಮಂತ್ರ ಹಾಕಿ ಕಟ್ಟಿದ್ದ. ಪಾಪ, ಅದು ಮೂಗಿನಿಂದಲೇ ಮಾತಾಡಬೇಕಿತ್ತು.

"ಬಾಗಿಲಿನ ಚಿಲಕ ನನ್ನ ಗಂಟಲಲ್ಲಿದೆ," ಎಂದಿತು ಕೊಕ್ಕರೆ. "ಕೊಕ್ಕಿನ ಸಂದಿಯಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಸಾಕು. ಆದರೆ ಸಂದಿ ಬಹಳ ಸಣ್ಣದು. ಸುತ್ತಮುತ್ತ ಇರೋ ಕಡ್ಡಿಯೆಲ್ಲ ಹಬೆಗೆ ಮೆತ್ತಗಾಗಿದೆ. ನಾನೇ ಕಾಲಲ್ಲಿ ಹಿಡಿದು ತೂರಿಸಿ ನೋಡಿದೆ, ಮೂಗಿಗೆ ಕಚಗುಳಿಯಾಯಿತು ಅಷ್ಟೇ."

ಸಂಪಿ ಆಲೂಗಡ್ಡೆಯನ್ನು ಬೆಂಕಿಕಡ್ಡಿಗಿಂತ ತೆಳ್ಳಗೆ ಹೆಚ್ಚಿದಳು. ಅವಳ ಚಾಕು ಎಷ್ಟು ಬೇಗ ಓಡಿತೆಂದರೆ ಕೊಕ್ಕರೆ ಒಂದು ಕಾಲು ಬದಲಿಸುವುದರೊಳಗೆ ರಾಶಿ ಬಿದ್ದಿತ್ತು. ಎಣ್ಣೆಗೆ ಹಾಕಿದಳು, ತೆಗೆದಳು, ಓಡಿದಳು. ಕೊಕ್ಕಿನ ಹತ್ತಿರ ಹೋಗುವಷ್ಟರಲ್ಲಿ ಕಡ್ಡಿ ತಲೆ ಬಗ್ಗಿಸಿತ್ತು.

"ತೊಳೆದ್ಯಾ?" ಎಂದಳು ಬಾಣಲಜ್ಜಿ. "ಒರೆಸಿದ್ಯಾ? ಒಂದೇ ಸಲ ಕರಿದು ಎತ್ತೋಕೆ ಇದೇನು ಹಪ್ಪಳವಾ? ಅಣ್ಣನ ಹತ್ತಿರ ಏನು ಕಲಿತೆ, ಬರೀ ಜಗಳವಾ?"

ಸಂಪಿಯ ಮುಖ ಕೆಂಪಾಯಿತು. ದಿನಾ ಇದನ್ನೆಲ್ಲ ಮಾಡುತ್ತಿದ್ದವನು ಮಾಚನೇ. ಪಕ್ಕದ ತೊರೆಯಲ್ಲಿ ಕಡ್ಡಿಗಳನ್ನು ಬಿಳಿ ಹಾಲು ಹೋಗುವವರೆಗೆ ತೊಳೆದಳು. ಬಾಣಲಜ್ಜಿಯ ಶಾಖಕ್ಕೆ ಒಣಗಿದ್ದ ಸೆರಗಿನಲ್ಲಿ ಒರೆಸಿದಳು. ಮೊದಲ ಸಲ ಹದವಾದ ಎಣ್ಣೆಯಲ್ಲಿ ಬೇಯಿಸಿ ತೆಗೆದು, ಆರಲು ಬಿಟ್ಟಳು. ಆಮೇಲೆ ಕೆಂಡ ಜೋರು ಮಾಡಿಸಿ ಮತ್ತೊಮ್ಮೆ ಹಾಕಿದಳು. ಎಣ್ಣೆ ಜೋರಾಗಿ ಚಪ್ಪಾಳೆ ತಟ್ಟಿದಂತೆ ಸದ್ದು ಮಾಡಿತು. ಕಡ್ಡಿಗಳು ಬಂಗಾರದ ಸೂಜಿಗಳಂತೆ ಮೇಲೆ ಬಂದವು. ಒಂದನ್ನು ಚಿವುಟಿ ಹಿಡಿದು ಓಡಿದಳು, ಸಂದಿಗೆ ತೂರಿಸಿದಳು, ಒತ್ತಿದಳು.

ಖಟ್.

ಚಿಲಕ ಬಿತ್ತು, ಬಾಗಿಲು ಸರಿಯಿತು, ಕೊಕ್ಕು ಬಿಚ್ಚಿಕೊಂಡಿತು. ಕೊಕ್ಕರೆ ಗಂಟಲಲ್ಲಿದ್ದ ಕಡ್ಡಿಯನ್ನು ನುಂಗಿ, ಬಹಳ ದಿನಗಳ ನಂತರ ಬಾಯಿಂದ ಮಾತಾಡಿತು. "ಉಪ್ಪು ಸ್ವಲ್ಪ ಕಡಿಮೆ."

ಸಂಪಿ ಮೇಲೆ ಹತ್ತಿದಳು. ಹಿತ್ತಾಳೆ ಬಿಲ್ಲೆ ನೆತ್ತಿಯಿಂದ ಇಳಿಯತೊಡಗಿತ್ತು.

ಅರ್ಧ ಬೆಟ್ಟದಲ್ಲಿ ಎರಡು ಬಂಡೆಗಳ ನಡುವೆ ಇಕ್ಕಟ್ಟಿನ ದಾರಿ. ಆ ದಾರಿಯ ತುಂಬ ಒಂದು ಹೆಬ್ಬಾವು ಉದ್ದಕ್ಕೆ ಬಿದ್ದುಕೊಂಡಿತ್ತು. ಅದರ ಬೆನ್ನು ಗೋಡೆಯಷ್ಟು ಎತ್ತರ, ಹಬೆಗೆ ಒದ್ದೆಯಾಗಿ ಜಾರುತ್ತಿತ್ತು.

"ಸ್ವಲ್ಪ ಸರಿದುಕೊಳ್ಳಿ ಸ್ವಾಮಿ," ಎಂದಳು ಸಂಪಿ.

"ಸರಿಯೋಕೆ ನನಗೂ ಆಸೆ ಇದೆಯಮ್ಮ," ಎಂದಿತು ಹೆಬ್ಬಾವು. "ಸುರುಳಿ ಸುತ್ತಿಕೊಂಡರೆ ದಾರಿ ಬಿಡಬಹುದು. ಆದರೆ ಈ ಹಬೆ ಬಡಿದ ಮೇಲೆ ಸುತ್ತೋದು ಹೇಗೆ ಅನ್ನೋದೇ ಮರೆತುಹೋಗಿದೆ. ಹಾವಾಗಿ ಹುಟ್ಟಿ ಹಗ್ಗದ ಹಾಗೆ ಬಿದ್ದಿದೀನಿ. ಯಾರಿಗೂ ಹೇಳಬೇಡ."

ಸಂಪಿಯ ಬೆರಳು ತುರಿಸಿತು. ಒಂದು ದೊಡ್ಡ ಆಲೂಗಡ್ಡೆಯನ್ನು ಆರಿಸಿ, ಚಾಕುವನ್ನು ಓರೆ ಹಿಡಿದು, ಆಲೂಗಡ್ಡೆಯನ್ನೇ ತಿರುಗಿಸುತ್ತಾ ಹೋದಳು. ಅರ್ಧಕ್ಕೆ ಬಂದಾಗ ಸುರುಳಿ ತುಂಡಾಯಿತು. ಇನ್ನೊಂದು ತೆಗೆದುಕೊಂಡಳು. ಕೊನೆಗೆ ಬಂದಾಗ ತುಂಡಾಯಿತು. ಮತ್ತೊಂದನ್ನು ಹಿಡಿದಾಗ ಸಂಪಿ ಉಸಿರು ಬಿಗಿಹಿಡಿದಳು. ಸುರುಳಿ ಬಿಚ್ಚಿಕೊಂಡು ಬಿಚ್ಚಿಕೊಂಡು ಅವಳ ಪಾದ ಮುಟ್ಟಿತು. ತುಂಡಾಗಲಿಲ್ಲ.

ತೊಳೆದಳು, ಒರೆಸಿದಳು, ಹದಕ್ಕೆ ಕರಿದು ಆರಿಸಿ, ಮತ್ತೆ ಜೋರು ಕಾವಿನಲ್ಲಿ ಬಿಟ್ಟಳು. ಎಣ್ಣೆಯೊಳಗೆ ಅದು ತಾನೇ ತಾನಾಗಿ ಬಿಗಿದುಕೊಂಡು ಗಿರಗಿರ ತಿರುಗಿತು. ಸೌಟಿನಿಂದ ಎತ್ತಿ ಹೆಬ್ಬಾವಿನ ಕಣ್ಣಿನ ಮುಂದೆ ಹಿಡಿದಳು.

ಹೆಬ್ಬಾವು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿತು. "ಓ," ಎಂದಿತು. "ಬಾಲದಿಂದ ಶುರು." ಎಂದು ಬಾಲ ಮಡಚಿತು. ಒಂದು ಸುತ್ತು, ಎರಡು ಸುತ್ತು, ಆಮೇಲೆ ತಾನೇ ತಡೆಯಲಾರದಷ್ಟು ಖುಷಿಯಲ್ಲಿ ಸರಸರ ಸುತ್ತಿಕೊಂಡು ಗೋಪುರವಾಯಿತು.

"ನಿನಗೊಂದು ಗುಟ್ಟು ಹೇಳ್ತೀನಿ," ಎಂದಿತು ಅದು, ಮೇಲಿನಿಂದ ತಲೆ ಬಗ್ಗಿಸಿ. "ಆ ಮುಚ್ಚಳ ಕೇಳೋದು ಮುಚ್ಚಳಯ್ಯನ ಮಾತು ಮಾತ್ರ. ಅದೂ ಒಂಟಿ ಮಾತು. ಒಂದೇ ಒಂದು ಪದ ಹೇಳಿದರೆ ತಕ್ಷಣ ಹಾಗೇ ಮಾಡುತ್ತೆ. ಎರಡು ಪದ ಸೇರಿದರೆ ಅದಕ್ಕೆ ಕಿವುಡು. ಅದು ಇನ್ನೂ ತಟ್ಟೆಯಷ್ಟಿದ್ದಾಗ ಇವನು ಬೆಕ್ಕಿಗೆ 'ಬಾ' ಅಂದ. ಮುಚ್ಚಳ ಬಂದು ಇವನ ತಲೆ ಮೇಲೆ ಕೂತಿತು. ಅವತ್ತಿನಿಂದ ಅವನು ಒಂಟಿ ಮಾತು ಆಡಲ್ಲ, ಎಲ್ಲವನ್ನೂ ಎಳೆದೆಳೆದು ಹೇಳ್ತಾನೆ. ಅವನ ಬಾಯಿಂದ 'ತೆರೆ' ಅನ್ನೋ ಮಾತೊಂದು ಒಂಟಿಯಾಗಿ ಬಿದ್ದರೆ ನಿಮ್ಮೂರು ಉಳಿಯುತ್ತೆ."

"ಅವನ್ಯಾಕೆ ಹೇಳ್ತಾನೆ?"

"ಅದು ನನಗೆ ಗೊತ್ತಿದ್ದರೆ ನಾನೇ ಹೋಗ್ತಿರಲಿಲ್ವಾ? ಈಗ ನನ್ನ ತಲೆ ಮೇಲೆ ಕೂತ್ಕೋ. ಅಜ್ಜಿನ ಗಟ್ಟಿಯಾಗಿ ಹಿಡ್ಕೋ."

"ನನ್ನ ಎಣ್ಣೆ ಚೆಲ್ಲುತ್ತೆ ಕಣೋ," ಎಂದು ಬಾಣಲಜ್ಜಿ ಹೇಳುತ್ತಿದ್ದಂತೆಯೇ ಹೆಬ್ಬಾವು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, ಚಿಮ್ಮಿತು. ಸಂಪಿಯೂ ಬಾಣಲಜ್ಜಿಯೂ ಬಂಡೆಗಳ ಮೇಲೆ, ಮರಗಳ ಮೇಲೆ, ಹಬೆಯ ಮೇಲೆ ಹಾರಿ ಬೆಟ್ಟದ ತುದಿಯಲ್ಲಿ ಧೊಪ್ ಎಂದು ಬಿದ್ದರು. ಒಂದು ಹನಿ ಎಣ್ಣೆಯೂ ಚೆಲ್ಲಲಿಲ್ಲ. ಆದರೂ ಬಾಣಲಜ್ಜಿ ಬೈದಳು.

ಅಲ್ಲಿ, ಹಬೆ ತಲುಪದ ಎತ್ತರದಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಮುಚ್ಚಳಯ್ಯ ಎದ್ದು ಕೂತಿದ್ದ.

"ನಿದ್ದೆ ಚೆನ್ನಾಗಿ ಬಂತಾ ಮುಚ್ಚಳಯ್ಯನೋರೇ?" ಎಂದಳು ಸಂಪಿ.

"ಬಂದಿತ್ತು, ಆದರೆ ನೀವಿಬ್ಬರೂ ಆಕಾಶದಿಂದ ಬಿದ್ದ ಕಾರಣ ಅದು ಹೊರಟುಹೋಯಿತು ಎಂದು ತಿಳಿಸಲು ವಿಷಾದಿಸುತ್ತೇನೆ."

"ನಮ್ಮಣ್ಣ ಕೆಳಗೆ ಮಡಚಿಕೊಂಡು ಬಿದ್ದಿದಾನೆ. ಮುಚ್ಚಳ ತೆಗೀರಿ."

"ನಿಮ್ಮಣ್ಣ ಬಿದ್ದಿರುವುದರಿಂದಲೇ ಬೆಟ್ಟ ಇಷ್ಟು ತಣ್ಣಗೆ, ಇಷ್ಟು ಮೌನವಾಗಿದೆ ಎಂಬುದನ್ನು ನೀನು ಗಮನಿಸಬೇಕು ಹುಡುಗಿ."

ಸಂಪಿಯ ತಲೆಯೊಳಗೆ ಹೆಚ್ಚಿದ ಆಲೂಗಡ್ಡೆಯ ಆಕಾರಗಳೆಲ್ಲ ಒಂದರ ಹಿಂದೆ ಒಂದು ಓಡಿದವು. ಕಡ್ಡಿ, ಸುರುಳಿ, ದೋಣಿ, ಜಾಲರಿ. ತಟ್ಟನೆ ಒಂದು ನಿಂತಿತು. ಮೈಮೇಲೆ ಏರು ತಗ್ಗು ಗೆರೆಗಳಿರುವ ಹೋಳು. ನೀರಿನ ಮೇಲೆ ಏಳುತ್ತದಲ್ಲ, ತೆರೆ. ಬಾಗಿಲಿಗೆ ಹೇಳುವುದೂ ಅದೇ ಮಾತು.

"ನೀವು ಯಾವ ವಸ್ತುವಿನ ಹೆಸರು ಬೇಕಾದರೂ ಹೇಳಬಲ್ಲಿರಂತೆ," ಎಂದಳು. "ಕಣ್ಣಿಂದ ನೋಡಿ ಹೇಳೋದು ಯಾರಿಗೂ ಬರುತ್ತೆ. ಕಣ್ಣು ಕಟ್ಟಿಕೊಂಡು, ಬರೀ ನಾಲಿಗೆಯಿಂದ ಹೇಳ್ತೀರಾ? ಮೂರು ಆಕಾರ. ಒಂದು ತಪ್ಪಿದರೂ ಮುಚ್ಚಳ ತೆಗೀಬೇಕು."

ಮುಚ್ಚಳಯ್ಯನಿಗೆ ಜಂಬ ಹೆಚ್ಚು. "ಮೂರೂ ಸರಿಯಾದರೆ ನಿನ್ನನ್ನು ಮಡಚಿ ನನ್ನ ತಲೆದಿಂಬು ಮಾಡಿಕೊಳ್ಳುತ್ತೇನೆ ಎಂಬ ಷರತ್ತಿಗೆ ನೀನು ಒಪ್ಪಿದರೆ ನಾನೂ ಒಪ್ಪುತ್ತೇನೆ," ಎಂದು ಕಣ್ಣಿಗೆ ವಸ್ತ್ರ ಕಟ್ಟಿಕೊಂಡ.

ಮೊದಲು ಸಂಪಿ ಸಿಪ್ಪೆ ಸಮೇತ ದಪ್ಪ ದಪ್ಪ ಸೀಳಿ ಕರಿದು, ಸ್ವಲ್ಪ ಆರಿಸಿ ಕೊಟ್ಟಳು. ಅವನು ನಾಲಿಗೆಯ ಮೇಲೆ ಹೊರಳಿಸಿದ. "ಒಂದು ಕಡೆ ಹೊಟ್ಟೆ, ಎರಡು ಕಡೆ ಚೂಪು, ಆದ್ದರಿಂದ ಇದು ದೋಣಿಯಲ್ಲದೆ ಬೇರೇನೂ ಆಗಿರಲಾರದು."

ಸರಿಯಾಗಿತ್ತು.

ಎರಡನೆಯದು, ಈ ಕಡೆಯಿಂದ ಒಂದು ಸಲ, ಆ ಕಡೆಯಿಂದ ಒಂದು ಸಲ ಗೀರು ಹಾಕಿ ಹೆಚ್ಚಿದ ತೆಳು ಬಿಲ್ಲೆ. ಅದರ ತುಂಬ ತೂತು. ಮುಚ್ಚಳಯ್ಯನ ನಾಲಿಗೆಯ ತುದಿ ತೂತಿನೊಳಗೆ ಹೋಗಿ ಬಂತು. "ಇದನ್ನು ಕಿಟಕಿಗೆ ಹಾಕಿದರೆ ಜಾಲರಿ ಎನ್ನುತ್ತಾರೆ, ಬಾಯಿಗೆ ಹಾಕಿದರೂ ಜಾಲರಿಯೇ ಎನ್ನುವುದು ನನ್ನ ತೀರ್ಮಾನ."

ಅದೂ ಸರಿಯಾಗಿತ್ತು. ಹಿತ್ತಾಳೆ ಬಿಲ್ಲೆ ದೂರದ ಬೆಟ್ಟಸಾಲಿನ ಅಂಚನ್ನು ಮುಟ್ಟುವುದರಲ್ಲಿತ್ತು.

ಗೆರೆ ಬರುವ ಹಾಗೆ ಹೆಚ್ಚಲು ನೆಟ್ಟಗಿನ ಚಾಕು ಆಗುವುದಿಲ್ಲ. ಸಂಪಿ ಸುತ್ತಲೂ ನೋಡಿದಳು. ಮುಚ್ಚಳ ಬೆಟ್ಟಕ್ಕೆ ತಾಗಿ ಕೂತ ಕಡೆ ಅದರ ಅಂಚಿನದೊಂದು ಚೂರು ಮುರಿದು ಬಿದ್ದಿತ್ತು, ಅಂಕುಡೊಂಕಾಗಿ, ಮಡಿಕೆ ಮಡಿಕೆಯಾಗಿ. ಅದನ್ನೇ ತೊಳೆದು ಒತ್ತಿದಳು. ಹೋಳಿನ ಮೈಮೇಲೆ ಏರು ತಗ್ಗು ಮೂಡಿತು. ಹೊತ್ತು ಮೀರುತ್ತಿದ್ದರೂ ತೊಳೆಯುವುದನ್ನಾಗಲಿ ಒರೆಸುವುದನ್ನಾಗಲಿ ಬಿಡಲಿಲ್ಲ. ಎರಡನೇ ಸಲ ಕರಿದು, ಎಣ್ಣೆಯಿಂದ ಎತ್ತಿದ್ದೇ ತಡ, "ಬೇಗ ಬಾಯಿ ಬಿಡಿ," ಎಂದಳು. "ಆರಿದರೆ ಮೆತ್ತಗಾಗಿ ಗೆರೆಯೆಲ್ಲ ಅಳಿಸಿಹೋಗುತ್ತೆ. ಆಮೇಲೆ ಮೋಸ ಅನ್ನಬೇಡಿ."

ಮುಚ್ಚಳಯ್ಯ ಬಾಯಿ ಬಿಟ್ಟ. ಕುದಿಯುವ ಬಿಸಿಯ ಹೋಳು ಒಳಗೆ ಹೋಯಿತು.

"ಹಾ," ಎಂದ ಅವನು. "ಹಾ. ಹಾ."

"ಹೇಳಿ, ಏನದು?"

ಉದ್ದನೆಯ ಮಾತಿಗೆ ಬಾಯಲ್ಲಿ ಜಾಗವಿರಲಿಲ್ಲ. ಹೋಳು ಎಡದ ಕೆನ್ನೆಗೆ ಹೋಯಿತು, ಬಲದ ಕೆನ್ನೆಗೆ ಬಂತು. ನಾಲಿಗೆ ಗೆರೆಗಳನ್ನು ಎಣಿಸಿತು. ಹೆಸರು ತುಟಿಯವರೆಗೆ ಬಂತು, ಒಂದೇ ಪದ. ಅಷ್ಟರಲ್ಲಿ ಮುಚ್ಚಳಯ್ಯ ಗಕ್ಕನೆ ನಿಂತ. ಅವನೇನು ದಡ್ಡನೇ? ಕಣ್ಣಿನ ಬಟ್ಟೆ ಕಿತ್ತೆಸೆದು ಸಂಪಿಯನ್ನು ನೋಡಿ, ಕೆನ್ನೆ ಉಬ್ಬಿಸಿಕೊಂಡೇ ನಕ್ಕ. ಆ ಪದ ಬೇಡವೆಂದರೆ ಅದೇ ಅರ್ಥದ ಇನ್ನೊಂದು ಇಲ್ಲವೇ?

"ಅಲೆ," ಎಂದ.

ಸಂಪಿ ಕಣ್ಣು ಮುಚ್ಚಿಕೊಂಡಳು. ತಲೆದಿಂಬಾದ ಮೇಲೆ ಅಣ್ಣನ ಮುಖ ನೋಡಲು ಆಗುತ್ತದೋ ಇಲ್ಲವೋ ಎಂದು ಯೋಚಿಸಿದಳು.

ಮೇಲಿನಿಂದ ಗರಗರ ಎಂದು ಸದ್ದಾಯಿತು.

"ಕಣ್ಣು ಬಿಡೇ," ಎಂದಳು ಬಾಣಲಜ್ಜಿ. "ಅದು ಕೇಳಿಸಿಕೊಂಡಿದೆ."

ಮುಚ್ಚಳ ಕೇಳಿಸಿಕೊಂಡಿತ್ತು. ಅದಕ್ಕೆ ನೀರೂ ಗೊತ್ತಿಲ್ಲ, ನೀರಿನ ಅಲೆಯೂ ಗೊತ್ತಿಲ್ಲ. ಅಲೆ ಅಂದರೆ ಅಲೆದಾಡು, ಅಷ್ಟೇ. ಒಡೆಯ ಅಲೆ ಎಂದಿದ್ದಾನೆ, ಅಲೆಯಬೇಕು. ಗರಿಗೆರೆಯ ಮೇಲಿಂದ ಅಂಚು ಎತ್ತಿ, ಮೈ ಕೊಡವಿ, ಹೊಸದಾಗಿ ಕಾಲು ಬಂದ ಕರುವಿನ ಹಾಗೆ ಪಶ್ಚಿಮಕ್ಕೆ ಸ್ವಲ್ಪ, ಉತ್ತರಕ್ಕೆ ಸ್ವಲ್ಪ ಹೋಗಿ, ಆಮೇಲೆ ಮನಸ್ಸು ಬಂದ ಕಡೆ ಹೊರಟಿತು.

ಮುಚ್ಚಳಯ್ಯ ಹೌಹಾರಿದ. "ನಿಲ್ಲು" ಎನ್ನಬೇಕೆಂದು ಬಾಯಿಯಲ್ಲಿದ್ದುದನ್ನು ಬೇಗ ಬೇಗ ಕಚ್ಚಿದ. ಗರಿಗಡ್ಡಿಯ ಒಳಗಿನ ಬಿಸಿ ಹೊರಗಿನದಕ್ಕಿಂತ ಹೆಚ್ಚು ಎಂದು ತಿನ್ನದವನಿಗೆ ಹೇಗೆ ಗೊತ್ತಿರಬೇಕು? ಹೋಳು ಒಡೆದು ಹಬೆ ನಾಲಿಗೆಯ ಮೇಲೆ ಸಿಡಿಯಿತು.

"ನಿ," ಎಂದ. "ಹ್ಹಾ. ನಿ. ಹ್ಹಾ."

ನುಂಗಿ, ಕಣ್ಣೀರು ಒರೆಸಿಕೊಂಡು ಅವನು "ನಿಲ್ಲು" ಎಂದು ಕೂಗುವ ಹೊತ್ತಿಗೆ ಮುಚ್ಚಳ ಏಳು ಬೆಟ್ಟದ ಆಚೆ ಹೋಗಿತ್ತು. ಅಲ್ಲಿಗೆ ಯಾರ ಕೂಗೂ ಕೇಳಿಸುವುದಿಲ್ಲ.

ಗಾಳಿ ನುಗ್ಗಿತು. ಎಂಥ ಗಾಳಿ. ಬಾವುಟಗಳು ಪಟಪಟ ಎಂದವು. ಈಟಿಗಳು ಒಂದೊಂದಾಗಿ ಠಣ್ ಎಂದು ನೆಟ್ಟಗಾದವು. ಸೂರ್ಯನ ಒಂದು ಚೂರು ಇನ್ನೂ ಉಳಿದಿತ್ತು. ಸಂಪಿ ಬಾಣಲಜ್ಜಿಯ ಕಿವಿ ಹಿಡಿದು, ಇಬ್ಬರೂ ಬೆಟ್ಟದಿಂದ ಜಾರುತ್ತಾ, ಉರುಳುತ್ತಾ, ಬೈಯುತ್ತಾ, ನಗುತ್ತಾ ಊರಿಗೆ ಬಂದರು.

ಊರೆಲ್ಲ ಎದ್ದು ನಿಂತಿತ್ತು. ರಾಜರೂ ಎದ್ದಿದ್ದರು. ಅಂಗಡಿಯ ಮುಂದೆ ಮಾತ್ರ ಜನ ಗುಂಪು ಕಟ್ಟಿದ್ದರು, ಒಬ್ಬರ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಕಟ್ಟೆಯ ಮೇಲೆ ಮಾಚ ಇನ್ನೂ ಜೋತುಬಿದ್ದಿದ್ದ.

"ಅಣ್ಣ," ಎಂದಳು ಸಂಪಿ. ಸೂರ್ಯನ ಚೂರು ದಾರದಷ್ಟಾಯಿತು.

"ಹಿಂದೆ ಸರೀರೋ," ಎಂದು ಬಾಣಲಜ್ಜಿ ಗದರಿದಳು. "ಕರಿದದ್ದನ್ನ ಗುಡ್ಡೆ ಹಾಕಿದರೆ ಗರಿಯಾಗುತ್ತಾ? ನಿಮ್ಮ ಉಸಿರಿನ ಹಬೆಯೇ ಸಾಕು ಅವನಿಗೆ. ಮಹಾರಾಜರೇ, ನೀವೂ ಸರೀರಿ. ಗಾಳಿ ಆಡಲಿ."

ರಾಜ ಉದ್ದಂಡರಾಯರು ಎಲ್ಲರಿಗಿಂತ ಮೊದಲು ಹಿಂದೆ ಸರಿದರು. ಜನ ಬಿಡಿಬಿಡಿಯಾಗಿ ನಿಂತರು. ಸಂಪಿ ಅಣ್ಣನ ಕೈಯನ್ನು ಒಂದು ಕಡೆ, ಕಾಲನ್ನು ಒಂದು ಕಡೆ ಹರವಿ ಮಲಗಿಸಿದಳು. ಗಾಳಿ ಅವನ ಮೇಲೆ ಹಾದುಹೋಯಿತು. ಮೊದಲು ಕಾಲಿನ ಹೆಬ್ಬೆರಳು ನೆಟ್ಟಗಾಯಿತು. ಆಮೇಲೆ ಮೊಣಕಾಲು, ಟಕ್. ಇನ್ನೊಂದು, ಟಕ್. ಸೂರ್ಯ ಮುಳುಗಿದ. ಮಾಚ ಬಿದಿರಿನ ಗಳದ ಹಾಗೆ ನೆಟ್ಟಗೆ ಎದ್ದು ನಿಂತ.

"ಅಂಗಡಿ ಬಿಟ್ಟು ಎಲ್ಲಿಗೆ ಹೋಗಿದ್ದೆ?" ಎಂದ.

ಸಂಪಿಗೆ ಅಳುವೂ ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಬಿಕ್ಕಳಿಕೆಯಾಯಿತು. ಮಾಚ ನೀರು ತಂದುಕೊಟ್ಟ.

ಮುಚ್ಚಳವಿಲ್ಲದ ಮುಚ್ಚಳಯ್ಯ ಮರುದಿನ ನಾಲಿಗೆ ಹೊರಗೆ ಹಾಕಿಕೊಂಡು ಬೆಟ್ಟ ಇಳಿದು ಬಂದ. ಸೈನಿಕರು ಹಿಡಿಯಲು ಹೋದಾಗ ಸಂಪಿ ಅವರನ್ನು ತಡೆದು, ಅವನಿಗೆ ತಣ್ಣನೆ ಮಜ್ಜಿಗೆ ಕೊಟ್ಟಳು. ರಾಜರು ಅವನಿಗೆ ಊರಾಚೆ ದೂರದಲ್ಲಿ, ಸದ್ದು ತಲುಪದ ತೋಪಿನಲ್ಲಿ ಒಂದು ಮನೆ ಕಟ್ಟಿಸಿದರು. ಅವನು ಕಣ್ತುಂಬ ನಿದ್ದೆ ಮಾಡಿ, ಎದ್ದಾಗ ಅಂಗಡಿಗೆ ಬರುತ್ತಿದ್ದ. ಈಗ ಅವನಿಗೆ ಒಂಟಿ ಮಾತಿನ ಭಯವಿರಲಿಲ್ಲ. "ಕೊಡು" ಎನ್ನುತ್ತಿದ್ದ. "ಸಾಕು" ಎನ್ನುತ್ತಿದ್ದ. "ಸೊಗಸು" ಎಂದು ಹೇಳಿ, ಇಷ್ಟು ಚಿಕ್ಕದಾಗಿ ಮಾತಾಡುವುದು ಎಷ್ಟು ಸುಖ ಎಂದು ತಾನೇ ನಗುತ್ತಿದ್ದ.

ಅಂಗಡಿಯಲ್ಲಿ ತೊಳೆಯುವುದು, ಒರೆಸುವುದು, ಎರಡು ಸಲ ಕರಿಯುವುದು ಮಾಚನ ಕೆಲಸವಾಗಿಯೇ ಉಳಿಯಿತು, ಹೆಚ್ಚುವುದು ಪೂರ್ತಿ ಸಂಪಿಯದಾಯಿತು. ಒಂದು ದಿನ ಮಾಚ ಅವಳಿಗೆ ಗೊತ್ತಾಗದ ಹಾಗೆ ತಾನೇ ಏನೋ ಹೊಸದನ್ನು ಹೆಚ್ಚಲು ಹೋದ.

"ಏನೋ ಇದು?" ಎಂದಳು ಸಂಪಿ.

"ನಕ್ಷತ್ರ."

"ಎಲ್ಲೋ ಹಲ್ಲಿ ಬಿದ್ದಿದೆ ಅಂದ್ಕೊಂಡೆ."

ಆದರೂ ಅದನ್ನೇ ಮೊದಲು ಎತ್ತಿಕೊಂಡು, ಬಿಸಿ ಊದಿ, ಕಚ್ಚಿದವಳು ಅವಳೇ. ಗರಿಗೆರೆಯವರು ಹೀಗೆ ಬಹುಕಾಲ ನೆಟ್ಟಗೆ, ಗಟ್ಟಿಯಾಗಿ, ಖುಷಿಯಾಗಿ ಬಾಳಿದರು. ಅವರು ಅಲ್ಲಿ ಬಾಯಿ ಚಪ್ಪರಿಸುತ್ತಿರಲಿ, ನಾವು ಇಲ್ಲಿ ಕೈ ಒರೆಸಿಕೊಂಡು ಏಳೋಣ.